ಕಿರ್ರಕ್ಕನ ದನಿ ಡಬ್ಬಿ

ಶೂ ಎಂದ ಮೇಲೆ ಕಿರ್ ಎನ್ನಬೇಕು. ಎನ್ನದಿದ್ದರೆ ಅದು ಇದ್ದರೆಷ್ಟು, ಬಿಟ್ಟರೆಷ್ಟು! ಈಗಿನವರು ನಗಬಹುದು, ನಗಲಿ ಬಿಡಿ. ಆ ಬೀದಿಯಲ್ಲಿ, ಆ ಕಾಲದಲ್ಲಿ, ಹೊಸ ಜೋಡಿ ಕೊಂಡವನು ಅಂಗಡಿಯಿಂದ ಮನೆಗೆ ನಡೆದು ಬಂದರೆ ಎರಡೂ ಬದಿಯ ಕಿಟಕಿಗಳು ತೆರೆದುಕೊಳ್ಳಬೇಕಿತ್ತು. "ಏನ್ ಗುಮಾಸ್ತರೇ, ಹೊಸದಾ?" ಎಂದು ಒಬ್ಬರಾದರೂ ಕೇಳದೇ ಹೋದರೆ ಅಷ್ಟೆಲ್ಲ ಖರ್ಚು ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹೆಂಡತಿಯ ಕಣ್ಣು ತಪ್ಪಿಸಿ ಇಸ್ಪೀಟಾಡಲು ಹೋಗುವ ನಾಲ್ಕಾರು ಜನ ಮಾತ್ರ ಸದ್ದಿಲ್ಲದ ಶೂ ಕೇಳುತ್ತಿದ್ದರು. ಅವರು ಯಾರು ಯಾರು ಎಂದು ಇಡೀ ಬೀದಿಗೆ ಗೊತ್ತಿತ್ತು, ಹೆಂಡತಿಯರಿಗೂ ಗೊತ್ತಿತ್ತು.

ಆ ಸದ್ದು ತಾನಾಗಿ ಬರುವುದಿಲ್ಲ. ಒಳ ಅಟ್ಟೆಗೂ ಹೊರ ಅಟ್ಟೆಗೂ ನಡುವೆ, ಪಾದ ಬಾಗುವ ಜಾಗದಲ್ಲಿ, ಎಲೆಯಷ್ಟು ತೆಳ್ಳಗಿನ ಒಣ ಚರ್ಮದ ಚೂರೊಂದನ್ನು ರಾಳದ ಪುಡಿಯಲ್ಲಿ ಹೊರಳಿಸಿ ಇಟ್ಟು ಹೊಲಿಯಬೇಕು. ಕೈಯಲ್ಲಿ ಹಿಡಿದು ಬಗ್ಗಿಸಿದರೆ ಅದು ಉಸಿರೆತ್ತುವುದಿಲ್ಲ. ಮನುಷ್ಯ ಹಾಕಿಕೊಂಡು ಸ್ವಲ್ಪ ದೂರ ನಡೆದು, ಚರ್ಮ ಬೆಚ್ಚಗಾದ ಮೇಲೆಯೇ ಬಾಯಿ ಬಿಡುವುದು. ನಮ್ಮ ಬೀದಿಯ ಶೂ ಕಾರ್ಖಾನೆಯವರು ಆ ಚೂರಿಗೆ ಇಟ್ಟ ಹೆಸರು 'ದನಿ'. "ಈ ಜೋಡಿಗೆ ದನಿ ಬಿತ್ತಾ?" "ಬಿತ್ತು, ಹೊಲಿಗೆಗೆ ಕಳಿಸಿ" ಎಂದು ಬೆಳಗಿನಿಂದ ಸಂಜೆಯವರೆಗೆ ಇದೇ ಮಾತು.

ದನಿ ಇಡುವುದರಲ್ಲಿ ಎತ್ತಿದ ಕೈ ನಮ್ಮ ಕಿರ್ರಕ್ಕ. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು, ಅದು ಅವಳಿಗೇ ಮರೆತಂತಿತ್ತು. ಕೆಲಸ ಕಲಿಸಿದವನು ಅವಳ ಮಾವ, ಅಂದರೆ ಗಂಡನ ಅಪ್ಪ. ಗಂಡ ಕಣ್ಣು ಮುಚ್ಚಿದ ಮೇಲೆ ಆ ಮುದುಕನೇ ಸೊಸೆಯನ್ನು ಕಾರ್ಖಾನೆಗೆ ಕರೆತಂದು, ತನ್ನ ಮಣೆಯ ಪಕ್ಕದಲ್ಲಿ ಕೂರಿಸಿ, ತನ್ನ ತಗಡಿನ ಡಬ್ಬಿಯನ್ನು ಅವಳ ಎಡಗಡೆ ಇಟ್ಟು, "ಎಡಗೈ ಡಬ್ಬಿಗೆ, ಬಲಗೈ ಅಟ್ಟೆಗೆ, ಬಾಯಿ ಎಲ್ಲಿಗೆ ಬೇಕಾದ್ರೂ ಹೋಗ್ಲಿ" ಎಂದಿದ್ದ. ಅವಳ ಬಾಯಿ ಅಂದಿನಿಂದ ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು. ಯಾರ ಮನೆಯಲ್ಲಿ ಏನು ಸಾರು, ಯಾರ ಮಗಳಿಗೆ ಯಾವ ಗಂಡು ನೋಡುತ್ತಿದ್ದಾರೆ, ಎಲ್ಲಕ್ಕೂ ಅವಳ ಷರಾ ಇರಬೇಕು. ಕೈಗಳು ಮಾತ್ರ ಅವಳ ಹಂಗಿಲ್ಲದೆ ಕೆಲಸ ಮಾಡುತ್ತಿದ್ದವು. "ನನ್ನ ಕೈಗೆ ಕಣ್ಣಿದೆ ಕಣ್ರೇ, ಬುದ್ಧಿ ಒಂದಿಲ್ಲ" ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಅವಳಿಗೆ ಒಬ್ಬನೇ ಮಗ, ಗುಂಡ. ಹೆಸರಿಗೆ ತಕ್ಕ ಹಾಗೆ ಗುಂಡಗೆ, ಮೆಲ್ಲಗೆ, ಊಟದ ಹೊತ್ತಿಗೆ ಸರಿಯಾಗಿ ಇರುವವನು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಕಿರ್ರಕ್ಕನ ಪಾಲಿಗೆ ಅವನು ರಾಜಕುಮಾರ. ಅವನ ಶೂಗಳಿಗೆ ಅವಳು ಒಂದರ ಮೇಲೊಂದು ಎರಡು ದನಿ ಇಡುತ್ತಿದ್ದಳು. ಅವನು ಬೀದಿಯ ತಿರುವಿಗೆ ಬಂದನೆಂದರೆ ಇಲ್ಲಿ ಒಲೆಯ ಮೇಲೆ ಪಾತ್ರೆ ಏರುತ್ತಿತ್ತು, ಅವನು ಬಾಗಿಲಿಗೆ ಬಂದಾಗ ಬಿಸಿ ಬಿಸಿ ಊಟ ತಟ್ಟೆಗೆ.

ಗುಂಡನ ಪಕ್ಕದಲ್ಲಿ ಯಾವಾಗಲೂ ಲಂಬು. ಲಂಬು ಕಾರ್ಖಾನೆಯ ಕಾವಲುಗಾರನ ಮಗ, ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರಲಾರದವನು. ತಾಯಿಯಿಲ್ಲದ ಹುಡುಗ, ಕಿರ್ರಕ್ಕನನ್ನು ದೊಡ್ಡಮ್ಮ ಎನ್ನುತ್ತಿದ್ದ, ಅವಳ ಮನೆಯ ತಟ್ಟೆಯಲ್ಲೇ ಅರ್ಧ ಬೆಳೆದಿದ್ದ. ಇವನ ಅಪ್ಪ ಇದ್ದಾನಲ್ಲ, ಕಾವಲುಗಾರ, ಅವನದೇ ಒಂದು ಕಥೆ. ಗೇಟಿನ ಬಳಿ ಬೆನ್ನು ಹಾಕಿ ನಿಂತು, ಯಾರು ಬಂದರೂ ತಿರುಗದೆ "ಯಾರದು?" ಎಂದು ಕೂಗುವುದು ಅವನ ಗತ್ತು. ಬಂದವರ ಶೂ ಕಿರ್ ಎಂದ ಬಗೆಯಲ್ಲೇ ಅವನಿಗೆ ಯಾರೆಂದು ತಿಳಿದಿರುತ್ತಿತ್ತು; ಆದರೂ ಕೂಗುತ್ತಿದ್ದ. ಮಕ್ಕಳೆಲ್ಲ ಅವನನ್ನು ಯಾರದು ಮಾಮ ಎಂದೇ ಕರೆಯುತ್ತಿದ್ದರು.

ಹೀಗಿರುವಾಗ ಯುದ್ಧ ಬಂತು. ಗಡಿ ಅಷ್ಟು ದೂರದಲ್ಲಿದ್ದರೂ ಯುದ್ಧಕ್ಕೆ ಕೈಕಾಲು ಬಹಳ ಉದ್ದ. ಛತ್ರಿ ಮಾಡುತ್ತಿದ್ದವರು ಡೇರೆ ಹೊಲಿಯತೊಡಗಿದರು, ಆಟದ ಸಾಮಾನು ಮಾಡುತ್ತಿದ್ದವರು ನೀರಿನ ಬಾಟಲಿ ಬಡಿಯತೊಡಗಿದರು, ತಲೆದಿಂಬಿನ ಅಂಗಡಿಯವನು ಸಹ ಬೆನ್ನಿಗೆ ಹಾಕುವ ಚೀಲದ ಕೆಲಸ ಹಿಡಿದು ದೊಡ್ಡ ಮನುಷ್ಯನ ಹಾಗೆ ಓಡಾಡಿದ. ಶೂ ಕಾರ್ಖಾನೆಗೆ ಬಂದದ್ದು ಸೈನ್ಯದ ಬೂಟು. ಹೆಂಗಸರ ಎತ್ತರ ಹಿಮ್ಮಡಿ ಚಪ್ಪಲಿ, ಮದುಮಗನ ಮಿಂಚು ಶೂ ಎಲ್ಲ ನಿಂತುಹೋದವು. ಎರಡು ಹೊಸ ಹೊಲಿಗೆ ಯಂತ್ರ ಬಂದವು, ಬೀದಿಯ ಅರ್ಧ ಹೆಂಗಸರು ಕೆಲಸಕ್ಕೆ ಸೇರಿದರು, ಅಂಗಳದಲ್ಲಿ ಚರ್ಮದ ರಾಶಿ ಮಾಡಿನವರೆಗೆ ಏರಿತು. ಮತ್ತೆ, ಗುಂಡನೂ ಲಂಬುವೂ ಒಂದೇ ದಿನ, ಒಂದೇ ದಳಕ್ಕೆ ಸೇರಿ ಹೊರಟುಹೋದರು. ಕಿರ್ರಕ್ಕ ರೈಲು ನಿಲ್ದಾಣದಲ್ಲಿ ಅಳಲಿಲ್ಲ. "ಹೊಟ್ಟೆ ತುಂಬ ತಿನ್ನೋ, ಅವರು ಕೊಡದೇ ಹೋದ್ರೆ ಕೇಳಿ ಇಸ್ಕೋ" ಎಂದಷ್ಟೇ ಹೇಳಿ, ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತಳು.

ಬೂಟು ನೋಡಿಕೊಳ್ಳಲು ಸೈನ್ಯದಿಂದ ಒಬ್ಬ ತಪಾಸಣೆ ಅಧಿಕಾರಿ ಬಂದ. ಸದಾ ನೆಗಡಿ, ಸದಾ ಕೈಯಲ್ಲೊಂದು ಅಳತೆಪಟ್ಟಿ. ಮೂರನೆಯ ದಿನಕ್ಕೇ ಅವನ ಹೆಸರು ಇಂಚುಪಟ್ಟಿ ಸಾಹೇಬ ಎಂದಾಯಿತು. ಮೊದಲ ದಿನವೇ ಅವನು ಎಲ್ಲರನ್ನೂ ಸೇರಿಸಿ ಹೇಳಿದ: "ಬೂಟು ನೀರು ಕುಡೀಬಾರ್ದು, ಹೊಲಿಗೆ ಬಿಡಬಾರ್ದು. ಎಲ್ಲಕ್ಕಿಂತ ಮುಖ್ಯ, ಸದ್ದು ಮಾಡಬಾರ್ದು. ಕತ್ತಲಲ್ಲಿ ಶತ್ರು ಪಕ್ಕದಲ್ಲೇ ಹಾದು ಹೋಗೋ ನಮ್ಮ ಹುಡುಗರು ಇರ್ತಾರೆ. ಬೂಟು ಕಿರ್ ಅಂದ್ರೆ ಅವರ ಕಥೆ ಮುಗೀತು."

ಕಾರ್ಖಾನೆಯ ಯಜಮಾನರು ಅವತ್ತೇ ದನಿ ಡಬ್ಬಿಗಳನ್ನೆಲ್ಲ ಉಗ್ರಾಣಕ್ಕೆ ಹಾಕಿಸಿದರು. ಕಿರ್ರಕ್ಕ ತನ್ನದನ್ನು ಕೊಡಲಿಲ್ಲ. "ಮಾವನ ಡಬ್ಬಿ ಯಜಮಾನ್ರೇ, ಪಕ್ಕದಲ್ಲಿ ಇಲ್ದಿದ್ರೆ ನಂಗೆ ಕೂತ ಹಾಗೇ ಆಗಲ್ಲ. ಬರೀ ಇರುತ್ತೆ ಅಷ್ಟೆ" ಎಂದಳು. ಬರೀ ಇರುವುದಕ್ಕೆ ಯಾರ ತಕರಾರು? ಡಬ್ಬಿ ಅವಳ ಎಡಗಡೆ ಉಳಿಯಿತು.

ಅವಳು ಈಗ ಬೂಟಿನ ಅಟ್ಟೆಗಳನ್ನು ಜೋಡಿಸಿ ಹೊಲಿಗೆಗೆ ಕಳಿಸುತ್ತಿದ್ದಳು. ಮಗ ಹೋದ ದಿನದಿಂದ ಬಾಯಿ ಇನ್ನೂ ಹೆಚ್ಚಾಗಿತ್ತು. ಅವನು ಏನು ತಿಂದಿರುತ್ತಾನೆ, ಎಲ್ಲಿ ಮಲಗಿರುತ್ತಾನೆ, ಅಲ್ಲಿ ಚಳಿಯಂತೆ, ಹಿಮವಂತೆ, ಹಳೆಯ ಬೂಟು ಹರಿದು ಹುಡುಗರು ಗೋಣಿ ಸುತ್ತಿಕೊಂಡಿದ್ದಾರಂತೆ. ಮಾತು ಗಡಿಯಲ್ಲಿ, ಕೈ ಮಣೆಯಲ್ಲಿ. ಬೂಟುಗಳು ಲಾರಿ ತುಂಬಿ ಹೋಗತೊಡಗಿದವು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಯಂತ್ರಗಳು ನಿಂತಿದ್ದವು. ಆಗ ಅಂಗಳದ ಆಚೆಯಿಂದ, ಕಲ್ಲುಹಾಸಿನ ಮೇಲಿಂದ, ಒಂದು ಸದ್ದು.

ಕಿರ್. ಕಿರ್. ಕಿರ್.

ಕಿರ್ರಕ್ಕನ ಕೈಯ ತುತ್ತು ಅಲ್ಲೇ ನಿಂತಿತು. ಎದ್ದು ಹೋಗಿ ನೋಡಿದರೆ ಕಾವಲುಗಾರ! ಎರಡೂ ಕೈ ಹಿಂದೆ ಕಟ್ಟಿಕೊಂಡು, ತನ್ನಷ್ಟಕ್ಕೆ ತಾನು ಗೇಟಿನ ಮುಂದೆ ಅತ್ತಿಂದಿತ್ತ ಓಡಾಡುತ್ತಿದ್ದ. ಕಾಲಲ್ಲಿ ಹೊಚ್ಚಹೊಸ ಸೈನ್ಯದ ಬೂಟು.

"ಯಾರದು?" ಎಂದು ಈ ಸಲ ಅವಳು ಕೂಗಿದಳು.

ಅವನು ಹೌಹಾರಿದ. "ನಾನೇನೂ ತಗೊಂಡಿಲ್ಲ! ಸುಮ್ನೆ... ಅಳತೆ ಸರಿ ಇದೆಯಾ ಅಂತ..." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನು ಕಾಲನ್ನೇ ಪಂಚೆಯೊಳಗೆ ಬಚ್ಚಿಡಲು ನೋಡಿದ. "ನನ್ನ ಚಪ್ಪಲಿ ನೋಡಕ್ಕಾ, ಅಟ್ಟೆ ಇದೆಯೋ ನೆಲ ಇದೆಯೋ ಗೊತ್ತಾಗಲ್ಲ. ಊಟದ ಹೊತ್ತಲ್ಲಿ ಎರಡು ಸುತ್ತು ಹಾಕಿ ವಾಪಸ್ ಇಟ್ಬಿಡ್ತೀನಿ."

"ಅದಿರ್ಲಿ. ಇನ್ನೊಂದ್ಸಲ ನಡಿ."

ಕಿರ್, ಕಿರ್. ಅವಳಿಗೆ ಮೊದಲು ನಗು ಬಂತು, ಸುಳ್ಳೇಕೆ ಹೇಳಬೇಕು. ಎಷ್ಟು ಚೆನ್ನಾಗಿ ಕೂತಿದೆ ದನಿ! ಆಮೇಲೆ ಒಳಗೆ ಓಡಿ ತನ್ನ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ತುಂಬಿ ಇಟ್ಟಿದ್ದ ಡಬ್ಬಿಯ ತಳ ಕಾಣುತ್ತಿತ್ತು. ಬಾಯಿ ಗುಂಡನ ವಿಷಯ ಮಾತಾಡುತ್ತಿದ್ದಷ್ಟು ದಿನವೂ ಬುದ್ಧಿಯಿಲ್ಲದ ಎಡಗೈ ತನ್ನ ಪಾಡಿಗೆ ತಾನು ಡಬ್ಬಿಗೆ ಹೋಗಿ ಬರುತ್ತಿತ್ತು. ಎಲ್ಲ ಜೋಡಿಗೂ ಅಲ್ಲ, ಮೈಮರೆತಾಗ. ಯಾವುದಕ್ಕೆ, ಯಾವಾಗ, ದೇವರಿಗೇ ಗೊತ್ತು. ಅವಳ ಮಣೆಯ ಬೂಟುಗಳು ಉಳಿದವರ ಬೂಟುಗಳ ಜೊತೆ ಬೆರೆತು ಪೆಟ್ಟಿಗೆ ಸೇರಿ, ಕೆಲವು ಉಗ್ರಾಣದಲ್ಲಿ, ಕೆಲವು ರೈಲು ನಿಲ್ದಾಣದಲ್ಲಿ, ಕೆಲವು ಎಲ್ಲಿಯೋ ಹಿಮದ ಮೇಲೆ, ಯಾವುದೋ ತಾಯಿಯ ಮಗನ ಕಾಲಲ್ಲಿ. ಬಹುಶಃ ಅವಳದೇ ಮಗನ ಕಾಲಲ್ಲಿ.

ಕೈ ತೊಳೆಯದೆಯೇ ಅವಳು ಯಜಮಾನರ ಕೋಣೆಗೆ ಹೋದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಯಜಮಾನರು ಒದೆಯಲಿಲ್ಲ, ಎದ್ದು ಬಂದು ಬಾಗಿಲು ಹಾಕಿದರು. ಮುಖ ಬಿಳಿಚಿಕೊಂಡಿತ್ತು.

"ಅಮ್ಮಾ, ನಿನ್ ಕಾಲಿಗೆ ಬೀಳ್ತೀನಿ, ಸದ್ದು ಮಾಡ್ಬೇಡ. ಈ ಕೆಲಸ ಕೈತಪ್ಪಿದ್ರೆ ನಾನೊಬ್ನೇ ಅಲ್ಲ, ಇಡೀ ಬೀದಿಗೆ ಒಲೆ ಹತ್ತಲ್ಲ. ಇನ್ಮುಂದೆ ಹುಷಾರಾಗಿರೋಣ. ಹೋದದ್ದು ಹೋಯ್ತು. ಮಾತು ಬೆಳ್ಳಿ, ಮೌನ ಬಂಗಾರ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬೀದಿಯ ಒಲೆಗಳ ಮಾತು ಅವಳಿಗೂ ನಾಟಿತು. ಅವಳು ಒಂದು ಗಳಿಗೆ ನಿಂತಳು. ಅವಳು ಮಾತಾಡದೆ ನಿಂತದ್ದನ್ನು ಯಜಮಾನರು ನೋಡಿದ್ದು ಅದೇ ಮೊದಲು.

"ಬಂಗಾರ ನೀವಿಟ್ಕೊಳ್ಳಿ ಯಜಮಾನ್ರೇ. ಕಾಲು ನನ್ನ ಮಗಂದು" ಎಂದು ಬಾಗಿಲು ತೆಗೆದು, ನೇರವಾಗಿ ಇಂಚುಪಟ್ಟಿ ಸಾಹೇಬನ ಮೇಜಿಗೆ ಹೋದಳು. ಡಬ್ಬಿಯನ್ನು ಮುಂದಿಟ್ಟಳು, ಎಲ್ಲವನ್ನೂ ಹೇಳಿದಳು. ಅವನು ಕರವಸ್ತ್ರದಿಂದ ಮೂಗು ಒರೆಸಿಕೊಂಡು ಕೊನೆಯವರೆಗೂ ಕೇಳಿದ.

"ಎಷ್ಟು ಜೋಡಿ ಇರಬಹುದಮ್ಮ?"

"ನನಗೇನ್ ಗೊತ್ತು ಸ್ವಾಮಿ? ಕೈಗೆ ಗೊತ್ತು. ಅದಕ್ಕೆ ಬಾಯಿಲ್ಲ."

ಅವನು ಬೈಯಲಿಲ್ಲ. ಎದ್ದು ಫೋನಿನ ಕೋಣೆಗೆ ಹೋದ. ಬಂದು ಹೇಳಿದ: "ನಿಲ್ದಾಣದ ಷೆಡ್ಡಿನಲ್ಲಿರೋದು ವಾಪಸ್ ಬರುತ್ತೆ. ಒಂದು ವ್ಯಾಗನ್ ಹೊರಟುಬಿಟ್ಟಿದೆ, ಅದು ಸಿಗಲ್ಲ. ಹೇಳಿ ಕಳಿಸಿದ್ದೀನಿ, ತಲುಪಿದ್ರೆ ಪುಣ್ಯ. ಉಳಿದಿದ್ದು ನಾಳಿದ್ದಿನ ರೈಲಿಗೆ ಹೋಗಲೇಬೇಕು. ಹುಡುಗರು ಗೋಣಿ ಸುತ್ಕೊಂಡು ನಿಂತಿದ್ದಾರೆ. ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ, ಹುಡುಕೋದು ಹೇಗೆ?"

"ಹಾಕ್ಕೊಂಡು ನಡೀಬೇಕು ಸ್ವಾಮಿ. ಬೇರೆ ದಾರಿಯಿಲ್ಲ."

"ಅಷ್ಟೂ ಬೂಟನ್ನಾ? ಯಾರು ನಡೀತಾರೆ?"

ಕಿರ್ರಕ್ಕ ಬೀದಿಗೆ ಹೋಗಿ ಒಂದು ಕೂಗು ಹಾಕಿದಳು. ಆ ಬಾಯಿ ಅಷ್ಟು ವರ್ಷ ಸುಮ್ಮನೆ ಬೆಳೆದಿತ್ತೇ?

ಆ ಎರಡು ದಿನ ಆ ಬೀದಿಯನ್ನು ನೀವು ನೋಡಬೇಕಿತ್ತು. ಇಡೀ ಬೀದಿಯೇ ಸೈನ್ಯದ ಬೂಟು ತೊಟ್ಟು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಸಣ್ಣ ಪಾದದವರು ಬಟ್ಟೆ ತುರುಕಿಕೊಂಡರು, ದೊಡ್ಡ ಪಾದದವರು ಹಲ್ಲು ಕಚ್ಚಿಕೊಂಡರು. ಕ್ಷೌರಿಕ ಬೂಟು ತೊಟ್ಟು ಹೊರಟ. ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ ಸಾಬೂನಿನ ನೊರೆ ಸಮೇತ ಅವನ ಹಿಂದೆ ಬೂಟು ತೊಟ್ಟು ಹೊರಟ. ಮಾತು ಬಿಟ್ಟು ಎಷ್ಟೋ ಕಾಲವಾಗಿದ್ದ ಅತ್ತೆ ಸೊಸೆ ಇಬ್ಬರು ಅಕ್ಕಪಕ್ಕ ನಡೆದು, "ಕಿರ್ ಅಂದಿದ್ದು ನಿಂದೇ ಕಣೇ" "ನಂದಲ್ಲತ್ತೆ, ನಿಮ್ದೇ" ಎಂದು ಜಗಳಕ್ಕೆ ನಿಂತು ಹಾಗೇ ರಾಜಿಯೂ ಆಗಿಬಿಟ್ಟರು. ಯಜಮಾನರು ಹೊಟ್ಟೆ ಹಿಡಿದುಕೊಂಡು ನಡೆದರು. ಇಂಚುಪಟ್ಟಿ ಸಾಹೇಬನೂ ನಡೆದ, ಕಿರ್ ಎಂದಾಗ ಎಳೆಯ ಹುಡುಗನ ಹಾಗೆ "ಇಲ್ಲಿ, ಇಲ್ಲಿ!" ಎಂದು ಕೈಯೆತ್ತಿದ.

ಬೀದಿಯ ನಡುವೆ ಸ್ಟೂಲು ಹಾಕಿ ಕಣ್ಣು ಮುಚ್ಚಿ ಕೂತವಳು ಕಿರ್ರಕ್ಕ. ಬೆರಳು ತೋರಿಸುವಳು, ಆ ಬೂಟು ಬಿಚ್ಚುವರು, ಹೊಲಿಗೆ ಬಿಡಿಸಿ, ಇಕ್ಕಳದಿಂದ ದನಿಯನ್ನು ಎಳೆದು, ಮತ್ತೆ ಹೊಲಿಯುವರು. ಬೇರೆ ದಿನವಾಗಿದ್ದರೆ ನಕ್ಕು ನಕ್ಕು ಸಾಕಾಗುತ್ತಿತ್ತು ಅವಳಿಗೆ. ಆದರೆ ಹೊರಗೆ ಬಂದ ಒಂದೊಂದು ಚೂರನ್ನೂ ಅವಳು ಮಡಿಲಲ್ಲಿ ಹಾಕಿಕೊಂಡು, "ಇದು ಉಳೀತು, ಇವನು ಉಳ್ಕೊಂಡ" ಎಂದು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು.

ಬೂಟು ಹೇಳಿದ ರೈಲಿಗೇ ಹೋಯಿತು. ಕೆಲಸ ಕೈತಪ್ಪಲಿಲ್ಲ, ಸೈನ್ಯಕ್ಕೆ ಸಿಟ್ಟಿಗಿಂತ ಬೂಟು ಹೆಚ್ಚು ಬೇಕಾಗಿತ್ತು. ಡಬ್ಬಿ ಉಗ್ರಾಣ ಸೇರಿತು, ಕಿರ್ರಕ್ಕ ಲೇಸು ಪೋಣಿಸುವ ಮೇಜಿಗೆ ಹೋದಳು. ಅಲ್ಲಿ ಕೈ ಏನೂ ಕಿತಾಪತಿ ಮಾಡುವಂತಿರಲಿಲ್ಲ. ಇನ್ನು ಕಾವಲುಗಾರನೋ, ಬೈಸಿಕೊಳ್ಳಬೇಕಾದವನು ಎದೆಯುಬ್ಬಿಸಿ ತಿರುಗಿದ. "ನಾನು ಬೂಟು ಕದಿಯದೇ ಇದ್ದಿದ್ರೆ ನಿಮ್ ಗತಿ ಏನಾಗ್ತಿತ್ತು? ನನ್ ಕಳ್ಳತನದಿಂದ ನಮ್ ಹುಡುಗರು ಬದುಕಿದ್ರು!" ಇದನ್ನು ಅವನು ಹಾಲಿನವನಿಗೂ ಹೇಳಿದ, ಅಂಚೆಯವನಿಗೂ ಹೇಳಿದ, ಗೋಡೆಗೂ ಹೇಳಿದ.

ಆದರೆ ಆ ಒಂದು ವ್ಯಾಗನ್ ಹೋಗಿತ್ತಲ್ಲ. ಕಿರ್ರಕ್ಕನ ಬದುಕು ತಲೆಕೆಳಗಾಯಿತು. ಯಾವ ಸದ್ದಿಗಾಗಿ ಅವಳು ಒಲೆಯ ಮುಂದೆ ಕಿವಿ ನೆಟ್ಟು ಕೂರುತ್ತಿದ್ದಳೋ ಅದೇ ಸದ್ದು ಈಗ ಬೇಡವಾಗಿತ್ತು. ಬೀದಿಯಲ್ಲಿ ಯಾವುದೋ ಹಳೆಯ ಶೂ ಕಿರ್ ಎಂದರೆ ಲೇಸು ಕೈಜಾರುತ್ತಿತ್ತು. ಮಾತು ಅರ್ಧಕ್ಕರ್ಧ ಕಡಿಮೆಯಾಯಿತು. ಗುಂಡ ಬರೆಯುವವನಲ್ಲ, ಬರೆದರೂ 'ಚೆನ್ನಾಗಿದ್ದೇನೆ' ಎಂಬುದರಾಚೆ ಹೋಗುವವನಲ್ಲ. ಲಂಬು ಆಸ್ಪತ್ರೆಯಲ್ಲಿದ್ದಾನೆ, ಕಾಲಿಗೆ ಏಟಾಗಿದೆ ಎಂಬ ಸುದ್ದಿ ಬಂದ ದಿನ ಕಾವಲುಗಾರ ಗೇಟಿನಲ್ಲಿ ಯಾರನ್ನೂ ಯಾರದು ಎಂದು ಕೇಳಲಿಲ್ಲ. ಕಿರ್ರಕ್ಕ ಅವನಿಗೆ ಊಟ ತಂದಿಟ್ಟು ಏನೂ ಹೇಳದೆ ಹೋದಳು. ಹೇಳಲು ಅವಳಿಗೆ ಭಯವಾಗಿತ್ತು: ಲಂಬುವಿನ ಕಾಲಲ್ಲಿದ್ದದ್ದು ಯಾವ ಬೂಟು?

ಯುದ್ಧವೇನೋ ಒಂದು ದಿನ ಮುಗಿಯಿತು. ಯುದ್ಧಗಳು ಮುಗಿಯುವುದು ಹಾಗೆಯೇ, ಮದುವೆ ಮನೆಯ ಜಗಳದ ಹಾಗೆ, ಎಲ್ಲರೂ ಸುಸ್ತಾದ ಮೇಲೆ. ಲಂಬು ಮೊದಲು ಬಂದ. ವ್ಯಾನಿನಲ್ಲಿ ತಂದು ಇಳಿಸಿದರು. ಬಲಗಾಲು ಮಂಡಿಯ ಕೆಳಗೆ ಇರಲಿಲ್ಲ. ಅವನು ಅಪ್ಪನ ಗೇಟಿನ ಪಕ್ಕದ ಕೋಣೆಯೊಳಗೆ ಹೋದವನು ಹೊರಗೆ ಬರಲಿಲ್ಲ. ಕಿರ್ರಕ್ಕ ಹೋದರೆ ಗೋಡೆ ಕಡೆ ತಿರುಗಿ ಮಲಗಿಕೊಂಡ.

ಆಮೇಲೆ ಒಂದು ಸಂಜೆ ಅವಳು ಒಲೆಯ ಮುಂದಿದ್ದಾಗ ಬೀದಿಯ ತಿರುವಿನಲ್ಲಿ ಸದ್ದಾಯಿತು. ಕಿರ್. ಕಿರ್. ಕಿರ್. ಅವಳ ಕೈ ತಾನಾಗಿ ಪಾತ್ರೆಯನ್ನು ಒಲೆಗೆ ಏರಿಸಿತು. ಅದಾದ ಮೇಲೆಯೇ ಬುದ್ಧಿಗೆ ಹೊಳೆದದ್ದು. ಬಾಗಿಲಿಗೆ ಓಡಿದಳು. ಗುಂಡ! ತೆಳ್ಳಗಾಗಿದ್ದ, ಕಪ್ಪಾಗಿದ್ದ, ಎರಡು ಕೈ ಎರಡು ಕಾಲು ಸಮೇತ ನಿಂತಿದ್ದ. ಕಾಲಲ್ಲಿ ಸವೆದ ಸೈನ್ಯದ ಬೂಟು. ಹೋದ ವ್ಯಾಗನ್ನಿನದು.

ಅವಳು ಅವನನ್ನು ಹಿಡಿದುಕೊಂಡು ಅತ್ತಳು, ಬೈದಳು, ಕೆನ್ನೆಗೆ ಹೊಡೆದಳು, ತಟ್ಟೆ ಇಟ್ಟಳು. ಅವನು ಊಟ ಮುಟ್ಟಲಿಲ್ಲ. ಗುಂಡ ಊಟ ಮುಟ್ಟದಿದ್ದರೆ ಲೋಕದಲ್ಲಿ ಏನೋ ಸರಿಯಿಲ್ಲ ಎಂದೇ ಅರ್ಥ.

"ಏನಾಯ್ತೋ?"

"ಮೊದಲ್ನೇ ಹೆಜ್ಜೆಗೇ ಗೊತ್ತಾಯ್ತಮ್ಮ, ಇದು ನಿನ್ ಕೈ ಅಂತ. ದನಿ ತೆಗೆದುಹಾಕಿ ಅಂತ ಆರ್ಡರೂ ಬಂತು. ಚಾಕು ಇತ್ತು, ತೆಗೀಬಹುದಿತ್ತು. ತೆಗೀಲಿಲ್ಲ. ನಡೀವಾಗ ನೀನೇ ಹಿಂದೆ ಬೈತಾ ಬರೋ ಹಾಗಿರೋದು." ಅವನು ಬೂಟನ್ನೇ ನೋಡುತ್ತಿದ್ದ. "ಒಂದಿನ ಕತ್ತಲಲ್ಲಿ ಗಡಿ ಆಚೆ ಹೋಗಿ ಬರೋಕೆ ಜನ ಆರಿಸಿದ್ರು. ನನ್ನ ಹೆಸರು ಕರೆದ್ರು. ನಡೆದು ತೋರ್ಸು ಅಂದ್ರು. ಕಿರ್ ಅಂತು. ನೀನು ಬೇಡ, ಅಡುಗೆಮನೆಗೆ ಹೋಗು ಅಂದ್ರು. ನನ್ನ ಬದಲು ಲಂಬು ಹೋದ. ಅವನ ಬೂಟು ಸದ್ದು ಮಾಡ್ತಿರ್ಲಿಲ್ಲ. ನೆಲದಲ್ಲಿ ಹೂತಿಟ್ಟಿದ್ದ ಬಾಂಬಿನ ಮೇಲೆ ಕಾಲಿಟ್ಟ. ಅದಕ್ಕೆ ಸದ್ದೂ ಬೇಡ ಏನೂ ಬೇಡ."

ಕಿರ್ರಕ್ಕ ನೆಲದ ಮೇಲೆ ಕೂತುಬಿಟ್ಟಳು. ಮಗ ಉಳಿದದ್ದಕ್ಕೆ ಅವಳಿಗೆ ಸಂತೋಷವಾಗಿತ್ತು, ಉಕ್ಕಿ ಬರುವಷ್ಟು ಸಂತೋಷ. ಆ ಸಂತೋಷವೇ ಅವಳನ್ನು ಸುಡುತ್ತಿತ್ತು. ಅವಳೇ ಬಾಯಿಬಿಟ್ಟು ಹೇಳಿದಳು: "ಅವನೂ ನನ್ ತಟ್ಟೇಲಿ ಉಂಡ ಮಗನೇ ಕಣೋ. ಆದ್ರೂ ನಂಗೆ ಖುಷಿ ಆಗ್ತಿದೆ. ಎಂಥಾ ತಾಯಿನೋ ನಾನು!"

ಸ್ವಲ್ಪ ಹೊತ್ತಿನ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ನಡಿ, ಅವನ ಅಪ್ಪಂಗೆ ಹೇಳೋಣ."

"ಹೇಗಮ್ಮಾ ಹೇಳೋದು?"

"ಬಾಯಲ್ಲಿ. ಅವತ್ತು ಯಜಮಾನ್ರ ಮುಂದೆ ತೆಗೆದ ಬಾಯಿನ ಇವತ್ತು ಮುಚ್ಕೊಂಡಿರೋಕೆ ಆಗುತ್ತಾ?"

ಕಾವಲುಗಾರ ಗೇಟಿನ ಬಳಿ ಇದ್ದ. ಗುಂಡನ ಬೂಟಿನ ಸದ್ದು ಕೇಳಿಯೂ ಅವನು ಯಾರದು ಎನ್ನಲಿಲ್ಲ. ಅವಳು ಎಲ್ಲವನ್ನೂ ಹೇಳಿ ಮುಗಿಸುವವರೆಗೆ ನೆಲ ನೋಡುತ್ತ ನಿಂತಿದ್ದ.

"ಗೊತ್ತಕ್ಕಾ. ಅವನೇ ಹೇಳ್ದ. ಗುಂಡ ಹೋಗಿದ್ರೆ ಆ ದಪ್ಪ ಹೊಟ್ಟೆ ಹೊತ್ಕೊಂಡು ವಾಪಸ್ ತೆವಳ್ತಾನೇ ಇರ್ಲಿಲ್ಲ, ನಾನಾಗಿದ್ದಕ್ಕೆ ಬಂದೆ ಅಂದ." ಅವನು ನಗಲು ನೋಡಿದ, ಆಗಲಿಲ್ಲ. "ಕದ್ದ ಬೂಟು ಹಾಕ್ಕೊಂಡು ನಾನೇ ಅಲ್ವಾ ಎಲ್ಲಾ ಬೂಟಿನ ಬಾಯಿ ಮುಚ್ಚಿಸಿದ್ದು. ಊರೆಲ್ಲ ಹೇಳ್ಕೊಂಡು ತಿರುಗ್ದೆ. ಯಾರನ್ನ ಅನ್ನೋದು ಹೇಳು. ಅದು ಬಿಡು. ಒಂದು ಕೆಲಸ ಮಾಡಿಕೊಡು. ಅವನು ಕೋಣೆಯೊಳಗೇ ಬರಿಗಾಲಲ್ಲಿ ಊರುಗೋಲಿಗೆ ಬಟ್ಟೆ ಸುತ್ಕೊಂಡು ಓಡಾಡ್ತಾನೆ, ಯಾರಿಗೂ ಕೇಳಿಸ್ಬಾರ್ದು ಅಂತ. ಬೆನ್ನ ಹಿಂದೆ ಇದ್ದಾನೋ ಇಲ್ವೋ ನಂಗೇ ಗೊತ್ತಾಗಲ್ಲ. ಇರೋ ಕಾಲಿಗೆ ಒಂದು ಶೂ ಮಾಡಿಕೊಡಕ್ಕ."

ಕಿರ್ರಕ್ಕ ಉಗ್ರಾಣದಿಂದ ಮಾವನ ಡಬ್ಬಿಯನ್ನು ಬಿಡಿಸಿಕೊಂಡು ಬಂದಳು. ಲಂಬುವಿನ ಪಾದದ ಅಳತೆಯ ಮರದ ಅಚ್ಚು ಕಪಾಟಿನಲ್ಲೇ ಇತ್ತು. ಒಳ್ಳೆಯ ಚರ್ಮವನ್ನು ಯಜಮಾನರೇ ಆರಿಸಿ ಕೊಟ್ಟರು. ಕೆಲಸದವರೆಲ್ಲ ಹೋದ ಮೇಲೂ ಒಬ್ಬಳೇ ಕೂತು, ಮೇಲ್ಚರ್ಮ ಎಳೆದು ಕಟ್ಟಿ, ಅಟ್ಟೆ ಜೋಡಿಸಿ, ತಾನು ಎಂದೂ ಯಾರಿಗೂ ಇಟ್ಟಿರದಂಥ ದನಿ ಇಟ್ಟಳು. ಬಾಯಿ ಮಾತ್ರ ಸುಮ್ಮನಿರಲಿಲ್ಲ. ಎದುರಿಗೆ ಯಾರೂ ಇಲ್ಲದಿದ್ದರೂ ಲಂಬುವಿನ ಬಾಲ್ಯದ ಕಥೆಯನ್ನೆಲ್ಲ ತನಗೆ ತಾನೇ ಹೇಳಿಕೊಳ್ಳುತ್ತ ಕೆಲಸ ಮಾಡಿದಳು. ಮುಗಿದ ಮೇಲೆ ಚೀಲಕ್ಕೆ ಹಾಕಿ, ಗುಂಡನನ್ನು ಕರೆದುಕೊಂಡು ಕಾವಲುಗಾರನ ಕೋಣೆಗೆ ಹೋದಳು.

ಲಂಬು ಮಂಚದ ಮೇಲೆ ಕೂತಿದ್ದ. "ನಿನಗೆ ಅಂತ ತಂದಿದ್ದೀನಿ, ಬೇಡ ಅಂದ್ರೆ ಕಿವಿ ಹಿಂಡ್ತೀನಿ" ಎಂದು ಚೀಲವನ್ನು ಅವನ ಪಕ್ಕಕ್ಕೆ ಬೋರಲು ಹಾಕಿದಳು.

ಎರಡು ಶೂ ಬಿದ್ದವು. ಎಡಗಾಲಿನದೊಂದು, ಬಲಗಾಲಿನದೊಂದು. ಅಚ್ಚುಕಟ್ಟಾದ ಜೋಡಿ.

ಕಿರ್ರಕ್ಕ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು, ಬೇರೆ ಯಾರದೋ ಕೈ ನೋಡುವ ಹಾಗೆ. "ಅಯ್ಯೋ ಶಿವನೇ" ಎಂದಳು. "ಈ ಹಾಳು ಕೈ... ಇದಕ್ಕೆ ಬುದ್ಧಿ ಇಲ್ಲ ಕಣೋ, ನನ್ನಪ್ಪಾ..." ಮುಂದಿನದು ಅಳುವಾಯಿತು.

ಲಂಬು ಬಲಗಾಲಿನ ಶೂವನ್ನು ಎತ್ತಿಕೊಂಡ. ಒಳಗೆ ಕೈ ಹಾಕಿ ನೋಡಿದ, ಅಟ್ಟೆ ನೋಡಿದ, ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಅವನಿಗೆ ನಗು ಬಂತು. ಬಂದ ದಿನದಿಂದ ಮೊದಲ ನಗು.

"ಬುದ್ಧಿ ಇಲ್ದಿದ್ರೂ ಪರವಾಗಿಲ್ಲ ದೊಡ್ಡಮ್ಮ. ಡಾಕ್ಟ್ರು, ನರ್ಸು, ಅಪ್ಪ, ಈ ಗುಂಡ, ಎಲ್ರೂ ನನ್ನ ನೋಡಿದ ತಕ್ಷಣ ಇಲ್ಲದ ಕಾಲನ್ನೇ ನೋಡ್ತಾರೆ. ನಿನ್ನ ಕೈ ಒಂದಕ್ಕೆ ನಾನಿನ್ನೂ ಮೊದಲಿನ ಹಾಗೇ ಇದ್ದೀನಿ." ಅವನು ಆ ಶೂವನ್ನು ಕಿಟಕಿಯ ಕಟ್ಟೆಯ ಮೇಲೆ, ಹೊರಗಿನವರಿಗೆ ಕಾಣುವ ಹಾಗೆ ಇಟ್ಟ. ಎಡಗಾಲನ್ನು ಚಾಚಿದ. "ಹಾಕು. ಲೇಸು ಬಿಗಿಯಾಗಿ ಕಟ್ಟು. ದನಿ ಇಟ್ಟಿದ್ದೀಯಾ?"

"ಇಟ್ಟಿದ್ದೀನಿ. ಬೇಡ ಅಂದ್ರೆ ಈಗಲೇ ತೆಗೀತೀನಿ."

"ಇರ್ಲಿ. ಬರ್ತಿದ್ದೀನಿ ಅಂತ ಜನಕ್ಕೆ ಗೊತ್ತಾಗ್ಲಿ."

ಅವನು ಊರುಗೋಲಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಬಿಸಾಡಿದ. ಗುಂಡ ಹೆಗಲು ಕೊಡಲು ಹೋದರೆ ಮೊಣಕೈಯಿಂದ ತಿವಿದ. ತಲೆ ಬಗ್ಗಿಸಿ ಬಾಗಿಲು ದಾಟಿ ಕಲ್ಲುಹಾಸಿಗೆ ಇಳಿದ. ಮೊದಲು ಊರುಗೋಲಿನ ಟಕ್ ಮಾತ್ರ ಕೇಳಿಸಿತು. ಅಂಗಳದ ಆ ತುದಿಗೆ ಹೋಗಿ ತಿರುಗುವ ಹೊತ್ತಿಗೆ ಚರ್ಮ ಬೆಚ್ಚಗಾಯಿತು. ಟಕ್, ಕಿರ್. ಟಕ್, ಕಿರ್. ಎದುರು ಸಾಲಿನಲ್ಲಿ ಒಂದು ಕಿಟಕಿ ತೆರೆಯಿತು, ಆಮೇಲೆ ಇನ್ನೊಂದು.

ಗೇಟಿನ ಬಳಿ ಕಾವಲುಗಾರ ಬೆನ್ನು ಹಾಕಿ ನಿಂತಿದ್ದ. ಆ ಸದ್ದು ಅವನ ಹಿಂದೆ ಹತ್ತಿರಕ್ಕೆ ಬಂದು ನಿಂತಿತು. ಅವನು ಗಂಟಲು ಸರಿಮಾಡಿಕೊಂಡು, ಹಳೆಯ ಗತ್ತಿನಲ್ಲಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ:

"ಯಾರದು?"

"ನಾನೇ ಅಪ್ಪಾ" ಎಂದ ಲಂಬು.

ಕಾವಲುಗಾರ ಆಮೇಲೂ ತುಂಬ ಹೊತ್ತು ಈ ಕಡೆಗೆ ತಿರುಗಲಿಲ್ಲ.